ಕಾಲ ನಿಂತ ಮನೆ, ಕಣ್ಣಿಗೆ ಕಾಣದ ರಾಕ್ಷಸರು: ಏನಿದು ಕಥೆ?

ಮುಗಳಖೋಡ: ‘ಅಜ್ಜ ಸುಳ್ಳ ಹೇಳತಾನ’ ಅಂತ ಮೊಮ್ಮಕ್ಕಳು ನಗುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ಅಮೆರಿಕದ ರ‍್ಯಾನ್ಸಮ್ ರಿಗ್ಸ್ 2011ರಲ್ಲಿ ಹದಿಹರೆಯದವರಿಗಾಗಿ ಬರೆದ ‘ಮಿಸ್ ಪೆರೆಗ್ರಿನ್ಸ್ ಹೋಮ್ ಫಾರ್ ಪಿಕ್ಯೂಲಿಯರ್ ಚಿಲ್ಡ್ರನ್’ ಕಾದಂಬರಿ ಶುರುವಾಗುವುದೂ ಅಲ್ಲಿಂದಲೇ.

ಅಜ್ಜ ಪೋಲೆಂಡಿನ ಯಹೂದಿ. ಅವನ ಮನೆಯವರನ್ನು ಹಿಟ್ಲರನ ಪಡೆ ಕೊಂದಿತ್ತು. ಅವನು ಹೇಳುವ ರಾಕ್ಷಸರು ಅವರೇ ಇರಬೇಕು ಅಂತ ಎಲ್ಲರೂ ಅಂದುಕೊಂಡಿದ್ದರು. ಅಜ್ಜ ಸತ್ತ ಮೇಲೆ ಮೊಮ್ಮಗ ಜೇಕಬ್ ವೇಲ್ಸ್‌ನ ದ್ವೀಪಕ್ಕೆ ಹೋಗುತ್ತಾನೆ. ಅಲ್ಲಿ ವಿಚಿತ್ರ ಶಕ್ತಿಯ ಮಕ್ಕಳು 1940ರ ಸೆಪ್ಟೆಂಬರ್ 3ನ್ನೇ ದಿನಾ ಬದುಕುತ್ತಿದ್ದಾರೆ. ರಾತ್ರಿ ಜರ್ಮನ್ ಬಾಂಬ್ ಬೀಳುವ ಹೊತ್ತಿಗೆ ಕಾಲ ಹಿಂದಕ್ಕೆ ತಿರುಗುತ್ತದೆ. ಬೇಟೆಗೆ ಬರುವ ರಾಕ್ಷಸರು ಜೇಕಬ್‌ನ ಕಣ್ಣಿಗೆ ಕಾಣುತ್ತಾರೆ, ಅಜ್ಜನಿಗೆ ಕಂಡಂತೆಯೇ.

ಇದಕ್ಕೆ ಬೆಲೆಯೂ ಉಂಟು. ಮಕ್ಕಳು ಹೊರಬಂದು ಬಹಳ ಹೊತ್ತು ಉಳಿದರೆ ತಪ್ಪಿಸಿಕೊಂಡ ವರ್ಷಗಳೆಲ್ಲ ಒಮ್ಮೆಲೇ ಮೈಮೇಲೆ ಬೀಳುತ್ತವೆ.

ಕಾಲದ ಆಟ ನಮಗೆ ಹೊಸದಲ್ಲ. ಭಾಗವತದ ಕಕುದ್ಮಿ ರಾಜ ಮಗಳು ರೇವತಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋಗಿ, ಹಾಡು ಮುಗಿಯುವವರೆಗೆ ಕಾದ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದು, ಅವನು ನೆನೆಸಿದ್ದ ವರರ ಮೊಮ್ಮಕ್ಕಳೂ ಉಳಿದಿರಲಿಲ್ಲ.

ರಿಗ್ಸ್ ಈ ಕಥೆ ಹೆಣೆದದ್ದು ಯಾರೋ ಅಪರಿಚಿತರ ಹಳೇ ಫೋಟೊಗಳ ಸುತ್ತ. ನಮ್ಮ ಗೋಡೆ ಮೇಲಿನ ಫೋಟೊದಾಗ ಇದ್ದವರು ಯಾರು ಅಂತ ಹೇಳುವ ಹಿರಿಯರು ಇನ್ನೂ ಇದ್ದಾರೆ. ಈಗಲೇ ಕೇಳಿಕೊಳ್ಳಬೇಕು.