ಸೈನಿಕನ ಕೈಗಡಿಯಾರ ಯಾರಿಗೆ?

ಸೈನ್ಯದಲ್ಲಿ ದುಡಿದು ಬಂದವರ ಮನೆಯಲ್ಲಿ ಕೆಲವು ವಸ್ತುಗಳ ಸ್ಥಾನ ಮೊದಲೇ ನಿಶ್ಚಿತವಾಗಿರುತ್ತದೆ. ಪದಕಗಳು ಗಾಜಿನ ಚೌಕಟ್ಟಿನೊಳಗೆ ಸೇರಿ ನಡುಮನೆಯ ಗೋಡೆಯನ್ನೇರುತ್ತವೆ. ಹೆಸರು, ನಂಬರು ಬರೆದ ಕಪ್ಪು ಟ್ರಂಕು ಅಟ್ಟ ಸೇರಿ ಹಳೆಯ ಕಂಬಳಿಗಳನ್ನು ತುಂಬಿಕೊಳ್ಳುತ್ತದೆ. ಕಾಗದಪತ್ರಗಳು ಪಿಂಚಣಿಯ ದೆಸೆಯಿಂದ ಜೋಪಾನವಾಗಿರುತ್ತವೆ. ಮುಂದಿನ ಗತಿ ಏನೆಂದು ಯಾರಿಗೂ ತಿಳಿಯದೆ ಉಳಿಯುವ ವಸ್ತುವೆಂದರೆ ಕೈಗಡಿಯಾರ. ಅದನ್ನು ಪದಕದಂತೆ ಗೋಡೆಗೇರಿಸುವ ವಾಡಿಕೆಯಿಲ್ಲ. ಒಡವೆಯಂತೆ ತೂಗಿ ಬೆಲೆ ಕಟ್ಟುವಂತಿಲ್ಲ. ಹಾಗೆಂದು ಎಸೆಯಲು ಮನಸ್ಸು ಬಾರದು. ಇಪ್ಪತ್ತು ಮೂವತ್ತು ವರ್ಷ ಒಬ್ಬ ಮನುಷ್ಯನ ನಾಡಿಯ ಮೇಲೆಯೇ ಕುಳಿತಿದ್ದ ಯಂತ್ರವದು. ಅದನ್ನು ಏನು ಮಾಡಬೇಕು ಎಂಬ ಪ್ರಶ್ನೆ ನೋಡಲು ಚಿಕ್ಕದು. ಆದರೆ ಅಣ್ಣತಮ್ಮಂದಿರ ನಡುವೆ ಮಾತು ನಿಂತುಹೋಗುವುದು ಹೊಲದ ಬದುವಿನಿಂದ ಮಾತ್ರವಲ್ಲ, ಇಂಥ ಚಿಕ್ಕ ವಸ್ತುಗಳಿಂದಲೂ ಹೌದು. ಹೊಲವನ್ನಾದರೆ ಅಳೆದು ಹಂಚಬಹುದು, ಗಡಿಯಾರವನ್ನು ಹಂಚುವುದೆಂತು?

ಕೇಳುಗ ಮಿತ್ರರೇ, ಗಡಿಯಾರಕ್ಕೂ ಸೈನಿಕನಿಗೂ ಇರುವ ನಂಟು ನಾವು ತಿಳಿದಿರುವುದಕ್ಕಿಂತ ಆಳವಾದುದು. ಗಂಡಸರ ಮುಂಗೈಗೆ ಗಡಿಯಾರ ಬಂದದ್ದೇ ಯುದ್ಧದಿಂದ ಎಂದರೆ ತಪ್ಪಾಗಲಾರದು. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಗಂಡಸಾದವನು ಸರಪಣಿ ತೊಡಿಸಿದ ಗಡಿಯಾರವನ್ನು ಕಿಸೆಯಲ್ಲಿಡುತ್ತಿದ್ದ; ಮುಂಗೈಗೆ ಕಟ್ಟುವುದು ಹೆಂಗಸರ ಅಲಂಕಾರವೆಂಬ ಭಾವನೆಯಿತ್ತು. ದಕ್ಷಿಣ ಆಫ್ರಿಕದಲ್ಲಿ 1899ರಿಂದ 1902ರವರೆಗೆ ನಡೆದ ಬೋಯರ್ ಯುದ್ಧದಲ್ಲಿ ಬ್ರಿಟಿಷ್ ಸೈನಿಕರು ಕಿಸೆಯ ಗಡಿಯಾರವನ್ನೇ ಚರ್ಮದ ಬಟ್ಟಲಿನಂಥ ಪಟ್ಟಿಯೊಳಗಿಟ್ಟು ಕೈಗೆ ಬಿಗಿದುಕೊಂಡರು. ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಬಂದೂಕು ಇರುವಾಗ ಕಿಸೆಗೆ ಕೈ ಹಾಕುವವರಾರು? ಮೊದಲ ಮಹಾಯುದ್ಧದಲ್ಲಿ ಈ ಅನುಕೂಲವೇ ಅನಿವಾರ್ಯವಾಯಿತು. ಹಿಂದಿನಿಂದ ಫಿರಂಗಿಗಳು ಗುಂಡಿನ ತೆರೆಯನ್ನು ನಿಮಿಷ ನಿಮಿಷಕ್ಕೆ ಮುಂದಕ್ಕೆ ಸರಿಸುತ್ತ ಹೋಗಬೇಕು, ಅದರ ಬೆನ್ನಿಗೇ ಕಾಲಾಳುಗಳು ನಡೆಯಬೇಕು. ಒಬ್ಬ ಅಧಿಕಾರಿಯ ಗಡಿಯಾರ ಎರಡು ನಿಮಿಷ ಮುಂದಿದ್ದರೆ ಅವನ ಜನ ತಮ್ಮದೇ ಗುಂಡಿಗೆ ಬಲಿ. ಆದುದರಿಂದ ದಾಳಿಗೆ ಮೊದಲು ಎಲ್ಲರ ಮುಳ್ಳುಗಳನ್ನೂ ಸಮನಾಗಿಸುವುದು ಒಂದು ವಿಧಿಯೇ ಆಯಿತು. ಯುದ್ಧ ಮುಗಿದು ಮನೆಗೆ ಬಂದವರು ಗಡಿಯಾರವನ್ನು ಮುಂಗೈಯಿಂದ ಬಿಚ್ಚಲಿಲ್ಲ. ಲೋಕ ಅವರನ್ನು ಅನುಸರಿಸಿತು.

ಇಲ್ಲೊಂದು ಭೇದವನ್ನು ಗಮನಿಸಬೇಕು. ಸರ್ಕಾರವೇ ಕೊಟ್ಟ ಗಡಿಯಾರ ಒಂದು ಬಗೆ, ಸೈನಿಕ ತನ್ನ ಸಂಬಳದಿಂದ ಕೊಂಡದ್ದು ಇನ್ನೊಂದು ಬಗೆ. ಎರಡನೆಯ ಮಹಾಯುದ್ಧದ ಕೊನೆಗೆ ಬ್ರಿಟಿಷ್ ಸರ್ಕಾರ ಹನ್ನೆರಡು ಸ್ವಿಸ್ ಕಂಪೆನಿಗಳಿಂದ ಒಂದೇ ನಮೂನೆಯ ಗಡಿಯಾರಗಳನ್ನು ಮಾಡಿಸಿತು. ಅವುಗಳ ಮೇಲೆ ಸರ್ಕಾರದ ಸ್ವತ್ತೆಂಬುದಕ್ಕೆ ಬಾಣದ ಗುರುತಿರುತ್ತದೆ. ಅಂಥವು ಲೆಕ್ಕದ ಪುಸ್ತಕಕ್ಕೆ ಸೇರಿದ ಸಾಮಾನು. ಕೆಲಸ ಮುಗಿದ ಮೇಲೆ ಹಿಂದಿರುಗಿಸಬೇಕಾದುವು. ನಮ್ಮ ಕಡೆಯ ಮನೆಗಳಲ್ಲಿ ಉಳಿದಿರುವುವು ಬಹುಪಾಲು ಎರಡನೆಯ ಬಗೆಯವು, ಸ್ವಂತ ದುಡಿಮೆಯವು. ಅವುಗಳಲ್ಲಿಯೂ ಹೆಚ್ಚಿನವು ಬೆಂಗಳೂರಿನಲ್ಲಿಯೇ ಹುಟ್ಟಿದುವು.

1953ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಮಷೀನ್ ಟೂಲ್ಸ್, ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರಗಳ ತಯಾರಿಕೆಗೆ ತೊಡಗಿತು. 1978ರಲ್ಲಿ ತುಮಕೂರಿನಲ್ಲಿಯೂ ಕಾರ್ಖಾನೆಯಾಯಿತು. ಮದುವೆಗೆ ಎಚ್.ಎಂ.ಟಿ., ಪರೀಕ್ಷೆ ಪಾಸಾದರೆ ಎಚ್.ಎಂ.ಟಿ., ನೌಕರಿ ಸಿಕ್ಕರೆ ಎಚ್.ಎಂ.ಟಿ. ಎಂಬಂತಿದ್ದ ಕಾಲ ಅದು. 'ಜನತಾ', 'ಪೈಲಟ್', 'ಸೋನಾ' ಎಂಬ ಹೆಸರುಗಳ ಜೊತೆಗೆ 'ಜವಾನ್' ಎಂಬುದೂ ಇತ್ತು. ಬ್ಯಾಟರಿಯ ಗಡಿಯಾರಗಳೂ ಖಾಸಗಿ ಪೈಪೋಟಿಯೂ ಬಂದಂತೆ ಈ ಉದ್ಯಮ ಸೊರಗಿತು. 2016ರಲ್ಲಿ ಕೇಂದ್ರ ಸರ್ಕಾರ ಗಡಿಯಾರ ವಿಭಾಗವನ್ನು ಮುಚ್ಚುವ ತೀರ್ಮಾನ ಕೈಗೊಂಡಿತು. ಆದುದರಿಂದ ಇಂದು ಕೈಯಲ್ಲಿರುವ ಒಂದೊಂದು ಹಳೆಯ 'ಜವಾನ್' ಕೂಡ ಮುಗಿದುಹೋದ ಕಾಲವೊಂದಕ್ಕೆ ಸೇರಿದ್ದು.

ನನಗೆ ಪರಿಚಿತರಾದ ನಿವೃತ್ತ ಸುಬೇದಾರರೊಬ್ಬರಲ್ಲಿ ಇಂಥದೊಂದು ಗಡಿಯಾರವಿದೆ. 1979ರಲ್ಲಿ ಸಿಪಾಯಿಯಾಗಿ ಪದಾತಿ ದಳ ಸೇರಿದವರು, 2007ರಲ್ಲಿ ಊರಿಗೆ ಮರಳಿದರು. ತರಬೇತಿ ಮುಗಿದ ಮೇಲೆ ಕೂಡಿಟ್ಟ ಸಂಬಳದಲ್ಲಿ ಕೊಂಡ 'ಜವಾನ್'. ಹದಿನೇಳು ಕಲ್ಲಿನದು; ದಿನಕ್ಕೊಮ್ಮೆ ಕೀಲಿ ಕೊಡಬೇಕಾದದ್ದು. ಗಂಟೆಯ ಅಂಕಿಗಳ ಒಳಸುತ್ತಿನಲ್ಲಿ ಸಣ್ಣದಾಗಿ 13ರಿಂದ 24ರವರೆಗಿನ ಅಂಕಿಗಳೂ ಇವೆ. ಸೈನ್ಯದಲ್ಲಿ ಸಂಜೆ ಆರನ್ನು ಹದಿನೆಂಟು ಗಂಟೆ ಎನ್ನುವುದು ರೂಢಿಯಷ್ಟೆ. ಅದರ ಯಂತ್ರ ಗಂಟೆಗೆ 18,000 ಸಲ ಮಿಡಿಯುತ್ತದೆ. ದಿನಕ್ಕೆ ನಾಲ್ಕು ಲಕ್ಷ ಮೂವತ್ತೆರಡು ಸಾವಿರ. ಅವರ ಸೇವೆಯ ಅವಧಿಗೆ ಲೆಕ್ಕ ಹಾಕಿದರೆ ನಾನೂರು ಕೋಟಿ ಮಿಡಿತಗಳಷ್ಟಾಗುತ್ತದೆ. ಇಷ್ಟು ಕೆಲಸ ಮಾಡಿದ ಯಂತ್ರ ಇಂದಿಗೂ ದಿನಕ್ಕೆ ಒಂದೆರಡು ನಿಮಿಷದ ವ್ಯತ್ಯಾಸದಲ್ಲಿ ನಡೆಯುತ್ತಿದೆ.

ಅವರಿಗೆ ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಹಿರಿಯವನಿಗೆ ಗಡಿಯಾರವನ್ನು ಹೊಳೆಯುವಂತೆ ಉಜ್ಜಿಸಿ, ಹೊಸ ಪಟ್ಟಿ ಹಾಕಿಸಿ, ತಂದೆಯ ಪದಕಗಳ ಪಕ್ಕದಲ್ಲಿ ಗಾಜಿನೊಳಗೆ ಇಡಿಸಬೇಕೆಂಬ ಆಸೆ. ಕಿರಿಯವನಿಗೆ ತಾನೇ ಕಟ್ಟಿಕೊಳ್ಳಬೇಕೆಂಬ ಹಂಬಲ. ಅವನೂ ಮೊದಲು ಹೇಳಿದ ಮಾತು, ಆ ಹರಕು ಪಟ್ಟಿಯನ್ನು ತೆಗೆಸಬೇಕು ಎಂಬುದೇ. ಅದು ಖಾಕಿ ನೈಲಾನಿನ ಪಟ್ಟಿ. ಅಂಚು ಬಿಟ್ಟಿದೆ, ಎರಡು ಕಡೆ ದಾರದ ಹೊಲಿಗೆ ಬಿದ್ದಿದೆ. ಪಟ್ಟಿಯ ಮಾತು ಬಂದಾಗಲೆಲ್ಲ ಸುಬೇದಾರರು ಸುಮ್ಮನಾಗಿಬಿಡುತ್ತಿದ್ದರು. ಮುದುಕರ ಹಟವೆಂದು ಮಕ್ಕಳು ತಿಳಿದರು. ಮಗಳು ಮಾತ್ರ ಒಂದು ದಿನ, "ಅಪ್ಪಾಜಿ, ಈ ಪಟ್ಟಿ ಎಲ್ಲಿಯದು?" ಎಂದು ಕೇಳಿದಳಂತೆ.

1987ರ ಜುಲೈಯಲ್ಲಿ ಭಾರತದ ಶಾಂತಿಪಾಲನಾ ಪಡೆ ಶ್ರೀಲಂಕೆಗೆ ಹೋಯಿತು. ಅಕ್ಟೋಬರಿನಲ್ಲಿ ಜಾಫ್ನಾದಲ್ಲಿ ಕಾಳಗ ಮೊದಲಾಯಿತು. 1990ರ ಮಾರ್ಚಿನಲ್ಲಿ ಕೊನೆಯ ತುಕಡಿ ಮರಳುವವರೆಗೆ ಸಾವಿರಕ್ಕೂ ಮಿಕ್ಕಿ ಸೈನಿಕರು ಅಲ್ಲಿ ಪ್ರಾಣ ಬಿಟ್ಟರು. ನಮ್ಮ ಸುಬೇದಾರರು ಆಗ ಲಾನ್ಸ್ ನಾಯಕ್. ಆ ಮಳೆಗಾಲದ ತೇವಕ್ಕೂ ಬೆವರಿಗೂ ಗಡಿಯಾರದ ಚರ್ಮದ ಪಟ್ಟಿ ಕೊಳೆತು ಹರಿದುಹೋಯಿತು. ಗಡಿಯಾರವನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ತಿರುಗುತ್ತಿದ್ದುದನ್ನು ಕಂಡು, ನೆರೆಯ ಜಿಲ್ಲೆಯವನೇ ಆದ ಜೊತೆಗಾರನೊಬ್ಬ, ನಿಂತುಹೋಗಿದ್ದ ತನ್ನ ಗಡಿಯಾರದ ಪಟ್ಟಿಯನ್ನು ಬಿಚ್ಚಿ ಕೊಟ್ಟ. "ನನ್ನದು ಹೇಗೂ ನಡೆಯುತ್ತಿಲ್ಲ, ನಿನ್ನದನ್ನೇ ನೋಡಿ ಟೈಮು ಹೇಳು ಮಾರಾಯ" ಎಂದನಂತೆ. ಮೂರು ವಾರದ ಅನಂತರ ಗಸ್ತಿಗೆ ಹೋದವನು ಹಿಂದಿರುಗಲಿಲ್ಲ. ಸತ್ತವನ ಸಾಮಾನುಗಳನ್ನು ಪಟ್ಟಿ ಮಾಡಿ ಮನೆಗೆ ಕಳಿಸುವಾಗ ನಿಂತ ಗಡಿಯಾರ ಅದರಲ್ಲಿ ಹೋಯಿತು; ಕೈಪಟ್ಟಿ ಇವರ ಕೈಯಲ್ಲಿ ಉಳಿಯಿತು.

ಮಗಳು ಇದನ್ನು ಒಂದು ಹಾಳೆಯಲ್ಲಿ ಬರೆದಳು. ಗಡಿಯಾರವನ್ನು ಅವಳಿಗೇ ಕೊಡುವುದೆಂದು ಸುಬೇದಾರರು ಆಗಲೇ ನಿಶ್ಚಯಿಸಿದರು. ಗಂಡುಮಕ್ಕಳು ಮೊದಲು ಮುನಿಸಿಕೊಂಡರೂ ಹಾಳೆಯನ್ನು ಓದಿದ ಮೇಲೆ ಎದುರಾಡಲಿಲ್ಲ. ಆದರೆ ಪಟ್ಟಿ ತಮ್ಮದಲ್ಲವೆಂಬ ಭಾರ ಸುಬೇದಾರರಿಗೆ ಉಳಿದೇ ಇತ್ತು. ಮಗಳೊಡನೆ ಬಸ್ಸು ಹತ್ತಿ ಆ ಜೊತೆಗಾರನ ಊರಿಗೆ ಹೋದರು. ತಾಯಿ ತೀರಿಕೊಂಡಿದ್ದರು. ತಮ್ಮನಿದ್ದ. ಅವನು ಪಟ್ಟಿಯನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದು, "ಅಣ್ಣ ನಿಮಗೆ ಕೊಟ್ಟದ್ದು, ನಿಮ್ಮಲ್ಲೇ ಇರಲಿ" ಎಂದು ಹಿಂದಿರುಗಿಸಿದ. ಹಾಳೆಯ ನಕಲು ಮಾತ್ರ ಬೇಕೆಂದು ಕೇಳಿ ಇಟ್ಟುಕೊಂಡ. ಮೂವತ್ತೇಳು ವರ್ಷ ಆ ಮನೆಯವರಿಗೆ ತಿಳಿಯದಿದ್ದ ಮೂರು ವಾರಗಳ ಸುದ್ದಿ ಅದರಲ್ಲಿತ್ತು.

ಹಿರಿಯ ಮಗನ ಇಚ್ಛೆಯಂತೆ ನಡೆದಿದ್ದರೆ ಏನಾಗುತ್ತಿತ್ತು? ಗೋಡೆಯ ಮೇಲೆ ಥಳಥಳಿಸುವ ಗಡಿಯಾರ ಇರುತ್ತಿತ್ತು. ಪಟ್ಟಿ ಕಸದ ಬುಟ್ಟಿಯಲ್ಲಿರುತ್ತಿತ್ತು. ಆ ಮಗನಲ್ಲಿ ಭಕ್ತಿಗೆ ಕೊರತೆಯಿರಲಿಲ್ಲ, ತಿಳಿವಳಿಕೆಗೆ ಮಾತ್ರ ಇತ್ತು. ಯಾರಿಗೆ ಕೊಡುವುದು ಎಂಬುದಕ್ಕಿಂತ ಮೊದಲು ಏನನ್ನು ಕೊಡುತ್ತಿದ್ದೇವೆ ಎಂಬುದು ಗೊತ್ತಾಗಬೇಕು ಎಂದು ನಾನು ಹೇಳುವುದು ಇದಕ್ಕಾಗಿ.

ಇನ್ನು ಗಡಿಯಾರದ ದೇಹದ ಮಾತು. ಸೇವೆಯಲ್ಲಿ ಬಿದ್ದ ಗೀರುಗಳನ್ನು ಉಜ್ಜಿಸಬಾರದು. ಉಜ್ಜಿದರೆ ಗೀರಿನೊಡನೆ ಲೋಹವೂ ಹೋಗುತ್ತದೆ, ಕವಚದ ಅಂಚುಗಳು ಸವೆದು ಬೆಣ್ಣೆಯ ಮುದ್ದೆಯಂತಾಗುತ್ತವೆ; ಅದನ್ನು ಮತ್ತೆ ಯಾರೂ ತಂದುಕೊಡಲಾರರು. ಅಂಕಿಗಳಿರುವ ಡಯಲಿಗೆ ತೇವದಿಂದ ಬಂದ ಕಲೆಗಳೂ ಹಾಗೆಯೇ ಇರಲಿ. ಹಳೆಯ ಎಚ್.ಎಂ.ಟಿ.ಗಳಿಗೆ ಬಣ್ಣ ಬಣ್ಣದ ಹೊಸ ಡಯಲು ಬಳಿದು, ನಾಲ್ಕು ಗಡಿಯಾರಗಳ ಅಂಗಗಳನ್ನು ಒಂದಕ್ಕೆ ಕೂಡಿಸಿ ಮಾರುವ ದಂಧೆ ಇಂದು ಬಲವಾಗಿ ನಡೆಯುತ್ತಿದೆ. ನೋಡಲು ಚೆಂದವೇ, ಮದುವಣಗಿತ್ತಿಯಂತೆ. ಆದರೆ ಅದು ನಿಮ್ಮ ತಂದೆಯವರದಲ್ಲ. ಒಳಗಿನ ಯಂತ್ರದ ವಿಷಯ ಬೇರೆ. ಎಣ್ಣೆ ಒಣಗಿ ಅಂಟಾದ ಮೇಲೂ ಓಡಿಸಿದರೆ ಹಲ್ಲುಗಳು ಸವೆಯುತ್ತವೆ. ನಾಲ್ಕೈದು ವರ್ಷಕ್ಕೊಮ್ಮೆ ಬಲ್ಲವರಿಂದ ಬಿಚ್ಚಿಸಿ, ತೊಳೆಯಿಸಿ, ಎಣ್ಣೆ ಹಾಕಿಸಬೇಕು. ಬದಲಾಯಿಸಿದ ಭಾಗ ಎಷ್ಟೇ ಚಿಕ್ಕದಾದರೂ ಹಳೆಯದನ್ನು ಪೊಟ್ಟಣ ಕಟ್ಟಿಸಿ ತೆಗೆದುಕೊಳ್ಳಬೇಕು. ಅದನ್ನು ಕೇಳಿದರೆ ರಿಪೇರಿಯವರು ಒಂದು ಬಗೆಯಾಗಿ ನೋಡುತ್ತಾರೆ, ನೋಡಲಿ.

ತಾತನ ಕಾಲದ, ಎಂದರೆ ಎರಡನೆಯ ಮಹಾಯುದ್ಧದ ಗಡಿಯಾರ ನಿಮ್ಮಲ್ಲಿದ್ದರೆ ಒಂದು ಎಚ್ಚರಿಕೆ. ಅಂದಿನ ಗಡಿಯಾರಗಳ ಅಂಕಿ ಮುಳ್ಳುಗಳು ಕತ್ತಲಲ್ಲಿ ಕಾಣಲೆಂದು ರೇಡಿಯಂ ಬೆರೆಸಿದ ಬಣ್ಣ ಬಳಿಯುತ್ತಿದ್ದರು. ಈಗ ಅದು ಹೊಳೆಯುತ್ತಿಲ್ಲವಲ್ಲ, ಶಕ್ತಿ ಉಡುಗಿರಬೇಕು ಎಂದು ಭಾವಿಸಬಾರದು. ಉಡುಗಿರುವುದು ಬೆಳಕು ಕೊಡುವ ಗಂಧಕದ ಸಂಯುಕ್ತ. ರೇಡಿಯಂ ಅರ್ಧಕ್ಕೆ ಇಳಿಯಲು 1,600 ವರ್ಷ ಬೇಕು. ಗಾಜು ಮುಚ್ಚಿದ್ದು ಬೀರುವಿನಲ್ಲಿದ್ದರೆ ಹೆಚ್ಚಿನ ಭಯವಿಲ್ಲ. ತೆರೆದು ಕೆರೆಯುವುದು, ಉದುರಿದ ಪುಡಿಯನ್ನು ಊದುವುದು, ಮಕ್ಕಳ ಕೈಗೆ ಕೊಡುವುದು ಸರ್ವಥಾ ಕೂಡದು.

ಮಾರಿದರೆ ಹೇಗೆ? ಮಾರುವುದು ಪಾಪವೆಂದು ನಾನು ಹೇಳುವವನಲ್ಲ. ಕಷ್ಟಕಾಲದಲ್ಲಿ ತಾಳಿಯನ್ನೇ ಅಡವಿಡುವ ನಾಡಿದು. ಆದರೆ 'ಜವಾನ್' ಗಡಿಯಾರಕ್ಕೆ ಬರುವುದು ಕೆಲವು ಸಾವಿರ ರೂಪಾಯಿ. ಅದರಿಂದ ಯಾವ ಸಂಸಾರವೂ ದಡ ಸೇರದು. ವಸ್ತುಸಂಗ್ರಹಾಲಯಕ್ಕೆ ಕೊಡುವ ಆಲೋಚನೆ ಗಂಭೀರವಾದುದು. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರು ಹುಟ್ಟಿದ 'ಸನ್ನಿಸೈಡ್' ಮನೆ 2021ರಲ್ಲಿ ವಸ್ತುಸಂಗ್ರಹಾಲಯವಾಯಿತು. ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ.ಯದೇ ಪರಂಪರೆಯ ಕೇಂದ್ರವಿದೆ. ಮುಂದೆ ನೋಡಿಕೊಳ್ಳುವವರಿಲ್ಲದ ಮನೆಗಳಿಗೆ ಇಂಥ ತಾಣಗಳನ್ನು ವಿಚಾರಿಸುವುದೇ ಸರಿಯಾದ ದಾರಿ. ಆದರೆ ಎಲ್ಲ ಸಂಗ್ರಹಾಲಯಗಳಲ್ಲಿಯೂ ಪ್ರದರ್ಶನಕ್ಕಿರುವುದು ಕೆಲವೇ ವಸ್ತುಗಳು, ಉಗ್ರಾಣದಲ್ಲಿರುವುವು ಹಲವು. ಅಲ್ಲಿ ಗಡಿಯಾರಕ್ಕೆ ಕೀಲಿ ಕೊಡುವವರೂ ಇರುವುದಿಲ್ಲ. ಮನೆಯಲ್ಲಿ ಕಟ್ಟಿಕೊಳ್ಳುವವರೊಬ್ಬರಿದ್ದರೆ ಅವರ ಮುಂಗೈಯೇ ಮೇಲೆಂದು ನನ್ನ ಅಭಿಪ್ರಾಯ. ನಿತ್ಯ ಕಟ್ಟಲು ಅಂಜಿಕೆಯಾದರೆ ಹಬ್ಬಹರಿದಿನಗಳಲ್ಲಿ ಕಟ್ಟಲಿ, ತಿಂಗಳಿಗೊಮ್ಮೆಯಾದರೂ ಕೀಲಿ ಕೊಟ್ಟು ಓಡಿಸಲಿ.

ಕೊಡುವುದನ್ನು ಬದುಕಿರುವಾಗಲೇ ಕೊಡುವುದು ಒಳ್ಳೆಯದು. ಉಯಿಲಿನ ಮೂಲಕವೂ ಕೊಡಬಹುದು, ಸಾಮಾನ್ಯವಾಗಿ ಅದಕ್ಕೆ ಬರೆದವರ ರುಜು, ಇಬ್ಬರು ಸಾಕ್ಷಿಗಳ ರುಜು ಬೇಕು. ಆದರೆ ಗಡಿಯಾರದಂಥ ಚರ ಸ್ವತ್ತಿನ ದಾನಕ್ಕೆ ನಮ್ಮ ಕಾನೂನು ಪತ್ರವನ್ನೂ ಕಡ್ಡಾಯ ಮಾಡಿಲ್ಲ. ಕೊಡುವವರು ಮನಃಪೂರ್ವಕವಾಗಿ ಕೈಗಿತ್ತು, ಪಡೆಯುವವರು ಒಪ್ಪಿಕೊಂಡರೆ ದಾನ ಪೂರ್ಣವಾಯಿತು. ಉಳಿದ ಮಕ್ಕಳ ಎದುರಿನಲ್ಲಿ ಇದು ನಡೆದರೆ ಮುಂದೆ ತಕರಾರಿಗೆ ಎಡೆಯಿರದು.

ಬರೆದಿಡುವ ಹಾಳೆಯಲ್ಲಿ ಅಲಂಕಾರದ ಮಾತು ಬೇಡ. ಗಡಿಯಾರ ಯಾವ ವರ್ಷ, ಎಲ್ಲಿ, ಎಷ್ಟು ಕೊಟ್ಟು ಕೊಂಡದ್ದು. ಯಾವ ಯಾವ ಊರುಗಳಲ್ಲಿ ಕೈಯಲ್ಲಿತ್ತು. ಎಲ್ಲಿ ನಿಂತಿತು, ಯಾರು ರಿಪೇರಿ ಮಾಡಿದರು. ಈ ಗೀರು ಎಲ್ಲಿಯದು, ಈ ಪಟ್ಟಿ ಯಾರದು. ಹಿಂಬದಿಯ ಮುಚ್ಚಳದ ಮೇಲಿನ ಸಂಖ್ಯೆಯನ್ನೂ ಗುರುತು ಹಾಕಿಕೊಳ್ಳಬೇಕು. ಹಾಳೆ ಯಾವ ಗಡಿಯಾರದ್ದೆಂಬುದಕ್ಕೆ ಅದೇ ಸಾಕ್ಷಿ. ಹೇಳುವವರ ಮಾತಿನಲ್ಲಿಯೇ ಬರೆದುಕೊಂಡು, ಕೆಳಗೆ ತಾರೀಖು ಹಾಕಿ ಅವರಿಂದ ರುಜು ಮಾಡಿಸಬೇಕು. ಒಂದೇ ಸಲಕ್ಕೆ ಎಲ್ಲವನ್ನೂ ಹೇಳುವವರು ವಿರಳ; ಎರಡು ಮೂರು ಸಂಜೆಗಳಾದರೂ ಬೇಕಾಗುತ್ತವೆ. ಹಾಳೆಯನ್ನು ಗಡಿಯಾರದ ಡಬ್ಬಿಯಲ್ಲೇ ಮಡಿಸಿಡುವುದು ತರವಲ್ಲ, ಒಂದು ಕಳೆದರೆ ಎರಡೂ ಕಳೆಯುತ್ತವೆ. ಎರಡು ನಕಲು ಮಾಡಿಸಿ, ಒಂದನ್ನು ಗಡಿಯಾರ ಪಡೆಯದ ಮಕ್ಕಳ ಮನೆಯಲ್ಲಿಡುವುದು ಲೇಸು.