ಮಗುವಿನ ಮಿದುಳು ನೋಡಲು ಕಲಿಯುವ ಕಾಲ

ಬಾದಾಮಿಯ ಮೊದಲನೇ ಗುಹೆಯ ನಟರಾಜನನ್ನು ನೀವು ನೋಡಿರಬಹುದು. ಕೈಗಳು 18, ಒಂದೊಂದೂ ಒಂದೊಂದು ದಿಕ್ಕಿಗೆ. ಆ ಓರೆಕೋರೆಯನ್ನು ಗುರುತಿಸುವುದು ತಲೆಯ ಹಿಂಭಾಗದಲ್ಲಿರುವ ಮಿದುಳಿನ ದೃಷ್ಟಿಕೇಂದ್ರ. ಅಲ್ಲಿ ಕೆಲವು ನರಕೋಶಗಳು ನೆಟ್ಟಗಿನ ಗೆರೆಗೆ ಮಿಡಿದರೆ, ಕೆಲವು ಓರೆಗೆರೆಗೆ. ಈ ಕೆಲಸವನ್ನು ಹಂಚಿಕೊಟ್ಟವರಾರು?

ಇಳಕಲ್ಲಿನ ಮಗ್ಗದಲ್ಲಿ ಒಡಲಿನ ಹಾಸು, ಸೆರಗಿನ ಹಾಸು ಎರಡನ್ನೂ ನೇಕಾರರು ಕೊಂಡಿ ಹಾಕಿ ಜೋಡಿಸುತ್ತಾರೆ. ಮಿದುಳಿನಲ್ಲಿ ಅಂಥ ನೇಕಾರನಿಲ್ಲ. ಒಟ್ಟಿಗೆ ಮಿಡಿಯುವ ನರಕೋಶಗಳ ಕೊಂಡಿ ಬಿಗಿಯಾಗುತ್ತದೆ, ಉಳಿದದ್ದು ಸಡಿಲವಾಗುತ್ತದೆ. ಇಷ್ಟೇ ಸಾಕೇ? 1973ರಲ್ಲಿ ಜರ್ಮನಿಯ ಫಾನ್ ಡೆರ್ ಮಾಲ್ಸ್‌ಬುರ್ಗ್ ಕಂಪ್ಯೂಟರಿನಲ್ಲಿ 338 ಕೃತಕ ನರಕೋಶಗಳನ್ನು ಇಟ್ಟು, ಬೇರೆ ಬೇರೆ ಓರೆಯ ಗೆರೆಗಳನ್ನು ತೋರಿಸುತ್ತ ಹೋದರು. ಯಾರೂ ಹೇಳಿಕೊಡದೆ ಅವು ಗೆರೆಗಳನ್ನು ತಮ್ಮೊಳಗೆ ಹಂಚಿಕೊಂಡವು! 1989ರಲ್ಲಿ ಅಮೆರಿಕದ ಮಿಲ್ಲರ್, ಕೆಲ್ಲರ್, ಸ್ಟ್ರೈಕರ್ ಎರಡು ಕಣ್ಣುಗಳ ಪೈಪೋಟಿಯನ್ನೂ ಹೀಗೆಯೇ ಲೆಕ್ಕ ಹಾಕಿದರು. ಬೆಳವಣಿಗೆಯ ಹಂತದಲ್ಲಿ ಒಂದು ಕಣ್ಣಿನ ಸಂದೇಶ ಕುಗ್ಗಿದರೆ ಅದರ ಪಾಲನ್ನು ಮತ್ತೊಂದು ಕಬಳಿಸಿತು. ಹ್ಯೂಬೆಲ್ ಮತ್ತು ವೀಸೆಲ್ 1963ರಲ್ಲಿ ಬೆಕ್ಕಿನ ಮರಿಗಳಲ್ಲಿ ಕಂಡದ್ದೂ ಇದನ್ನೇ.

ಈ ಲೆಕ್ಕ ನಮಗೇಕೆ ಎನ್ನಬೇಡಿ. ಹುಟ್ಟುವಾಗಲೇ ಪೊರೆ, ಇಳಿಬಿದ್ದ ರೆಪ್ಪೆ, ಮೆಳ್ಳೆಗಣ್ಣು, ಒಂದೇ ಕಣ್ಣಿಗೆ ಹೆಚ್ಚು ಪವರ್ - ಯಾವುದಿದ್ದರೂ ಆ ಕಣ್ಣು ಮಿದುಳಿನಲ್ಲಿ ತನ್ನ ಪಾಲು ಕಳೆದುಕೊಳ್ಳಬಹುದು. ಆಮೇಲೆ ಪೊರೆ ತೆಗೆದರೂ ನೋಟ ಮಬ್ಬೇ. ಇದಕ್ಕೆ 'ಸೋಮಾರಿ ಕಣ್ಣು' ಎನ್ನುತ್ತಾರೆ. ಪಾಪ, ತಪ್ಪು ಕಣ್ಣಿನದಲ್ಲ. ಮೆಳ್ಳೆಗಣ್ಣು ಅದೃಷ್ಟವೆಂದು ಸುಮ್ಮನಿರುವ ಹಿರಿಯರಿಗೆ ಇದನ್ನು ತಿಳಿಸಿ ಹೇಳಬೇಕು.

ಒಂದೇ ಕಣ್ಣಿಗೆ ಹುಟ್ಟಿನಿಂದ ದಟ್ಟ ಪೊರೆಯಿದ್ದರೆ ಸುಮಾರು ಆರು ವಾರದ ಹೊತ್ತಿಗೇ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಉಳಿದ ತೊಂದರೆಗಳಿಗೆ ಏಳೆಂಟು ವರ್ಷದೊಳಗಿನ ಚಿಕಿತ್ಸೆ ಹೆಚ್ಚು ಫಲ ಕೊಡುತ್ತದೆ. ದೊಡ್ಡ ಮಕ್ಕಳಲ್ಲೂ ಕೆಲವರಿಗೆ ಗುಣ ಕಂಡಿದೆ, ಆಸೆ ಬಿಡಬೇಕಾಗಿಲ್ಲ. ಕನ್ನಡಕ ಹಾಕಿಸಿ, ದಿನಕ್ಕೆ ಕೆಲವು ತಾಸು ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟುತ್ತಾರೆ. ಮಗು ಹಟ ಮಾಡಿ ಕಿತ್ತೆಸೆಯುತ್ತದೆ. ಕಟ್ಟಿದ ಹೊತ್ತಿನಲ್ಲಿ ಬಣ್ಣ ಹಚ್ಚುವುದು, ಮಣಿ ಪೋಣಿಸುವುದು ಇಂಥ ಆಟ ಹಚ್ಚಿ ಕೂರಿಸಿ.

ಮನೆಯಲ್ಲೇ ಪರೀಕ್ಷಿಸಿ: ಮಗುವಿನ ಒಂದೊಂದೇ ಕಣ್ಣನ್ನು ಅಂಗೈಯಿಂದ ಮರೆಮಾಡಿ. ಒಂದನ್ನು ಮುಚ್ಚಿದಾಗ ಆಟ ಮುಂದುವರಿಸಿ, ಇನ್ನೊಂದನ್ನು ಮುಚ್ಚಿದಾಗ ಮಾತ್ರ ಅತ್ತು ಕೈ ತಳ್ಳಿದರೆ, ತೆರೆದಿರುವ ಕಣ್ಣಿನ ಬಗ್ಗೆ ಸಂಶಯಪಡಿ. ಪಾಪೆಯ ನಡುವೆ ಬಿಳಿ ಕಂಡರಂತೂ ತಡಮಾಡಲೇಬೇಡಿ. ಹುನಗುಂದದ ಕಡೆಯವರಾದರೆ ಸುಗ್ಗಿ ಮುಗಿಯಲೆಂದು ಕಾಯದೆ, ಮರುದಿನವೇ ಬಾಗಲಕೋಟೆಯ ಬಸ್ಸು ಹತ್ತಿ ನೇತ್ರತಜ್ಞರಿಗೆ ತೋರಿಸಿ.