ಒಡೆ, ಮುರಿ, ತುಂಡಾಗು: ಇಂಗ್ಲಿಷಿಗೆ ಒಂದೇ ಬ್ರೇಕ್

ಕಾರ್ಕಳದ ಕಡೆ ಬಂಡೆ ಒಡೆಯುತ್ತಾರೆ. ಕಾಪುವಿನ ಕಡಲಲ್ಲಿ ದೋಣಿಯ ಹಗ್ಗ ತುಂಡಾಗುತ್ತದೆ, ಬಲೆ ಹರಿಯುತ್ತದೆ. ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡವರನ್ನು ಮಣಿಪಾಲಕ್ಕೆ ಒಯ್ಯುತ್ತಾರೆ. ಬಲೆಯೊಂದನ್ನು ಬಿಟ್ಟರೆ ಉಳಿದ ಮೂರಕ್ಕೂ ಇಂಗ್ಲಿಷಿನಲ್ಲಿ ‘ಬ್ರೇಕ್’ ಸಾಕು. ಬಲೆಗೆ ಮಾತ್ರ ‘ಟೇರ್’ ಬೇಕು. ‘ಬ್ರೇಕ್ ಎಂದರೆ ಮುರಿ’ ಎಂದು ಒಂದೇ ಅರ್ಥ ಬಾಯಿಪಾಠ ಮಾಡಿದ ಮಗು ತಟ್ಟೆ ಒಡೆದಾಗ ತಡವರಿಸುತ್ತದೆ. ಬ್ರೇಕ್ ಎಂದರೆ ಒಡೆ ಎಂದು ತಿಳಿದ ಮಗುವೋ, ಹಾಲು ಒಡೆದರೂ ಚಳಿಗೆ ತುಟಿ ಒಡೆದರೂ ಅದನ್ನೇ ಹೇಳುತ್ತದೆ. ಆದ್ದರಿಂದ ಇಂಗ್ಲಿಷ್ ಕ್ರಿಯಾಪದ ಕಲಿಸುವ ಮೊದಲು ಮಗುವಿನ ಬಾಯಲ್ಲಿ ಆಗಲೇ ಇರುವ ಕ್ರಿಯಾಪದಗಳನ್ನೆಲ್ಲ ಹಲಗೆಯ ಮೇಲೆ ಹರಡಬೇಕು ಎಂಬುದು ನನ್ನ ವಾದ.

ಇದು ಕನ್ನಡಿಗರಿಗಷ್ಟೇ ಇರುವ ತೊಡಕಲ್ಲ. ಕೊರಿಯನ್ ಭಾಷೆಯಲ್ಲೂ ತಟ್ಟೆಗೊಂದು, ಕೋಲಿಗೊಂದು, ದಾರಕ್ಕೊಂದು ಕ್ರಿಯಾಪದ. ಅಸೀಫಾ ಮಜೀದ್ ಮತ್ತು ಸಂಗಡಿಗರು ಕತ್ತರಿಸುವ, ಒಡೆಯುವ ದೃಶ್ಯಗಳ ಕಿರುಚಿತ್ರಗಳನ್ನು 28 ಭಾಷೆಗಳವರಿಗೆ ತೋರಿಸಿ ನಡೆಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು, ತಮಿಳೂ ಅದರಲ್ಲಿತ್ತು. ವಸ್ತು ಎಲ್ಲಿ ಬೇರ್ಪಡುತ್ತದೆಂದು ಮೊದಲೇ ಹೇಳಬಹುದೇ ಎಂಬ ಭೇದ ಎಲ್ಲ ಕಡೆ ಮುಖ್ಯವಾಗಿ ಕಂಡಿತು. ಗಡಿ ಎಳೆಯುವ ಜಾಗ ಮಾತ್ರ ಭಾಷೆಯಿಂದ ಭಾಷೆಗೆ ಬೇರೆ. ಅಂದರೆ ಮಗು ಹೊಸದಾಗಿ ಲೋಕವನ್ನು ಕಲಿಯಬೇಕಿಲ್ಲ, ಗಡಿಗಳನ್ನು ಅಳಿಸಿ ಬರೆದರೆ ಸಾಕು. ಒಂದು ವಿಷಯದಲ್ಲಿ ನಮ್ಮ ಮಕ್ಕಳು ಕೊರಿಯನ್ನರಿಗಿಂತ ಅನುಕೂಲದಲ್ಲಿದ್ದಾರೆ. ‘ಗಾಜು ಒಡೆಯಿತು’, ‘ಹುಡುಗ ಗಾಜು ಒಡೆದ’ ಎಂದು ನಾವು ಒಂದೇ ಧಾತುವನ್ನು ಎರಡೂ ಕಡೆ ಬಳಸುತ್ತೇವೆ. ಬ್ರೇಕ್ ನಡೆಯುವುದೂ ಹಾಗೆಯೇ. ಕೊರಿಯನ್ನಿನಲ್ಲಿ ತಾನಾಗಿ ಒಡೆಯುವುದಕ್ಕೆ ಬೇರೆ ರೂಪ. ಭಾಷಾವಿಜ್ಞಾನಿ ಚಾರ್ಲ್ಸ್ ಫಿಲ್ಮೋರ್ 1970ರಲ್ಲೇ ಬ್ರೇಕ್‌ನ ಈ ಗುಣವನ್ನು ವಿವರಿಸಿದ್ದರು. ಹೊಡೆಯುವ ‘ಹಿಟ್’ಗೆ ಆ ಗುಣವಿಲ್ಲ.

ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬೇಕು, ಕನ್ನಡ ನಡುವೆ ಬಂದರೆ ಮಗು ಮನಸ್ಸಿನಲ್ಲೇ ಅನುವಾದ ಮಾಡುತ್ತ ಕೂರುತ್ತದೆ ಎನ್ನುವವರಿದ್ದಾರೆ. ಆ ಆತಂಕದಲ್ಲಿ ಹುರುಳಿದೆ. ಆದರೆ ಕನ್ನಡವನ್ನು ತರಗತಿಯಿಂದ ಹೊರಗಿಟ್ಟರೂ ಮಗುವಿನ ತಲೆಯಿಂದ ಹೊರಗಿಡಲಾಗದು. ಹೇಳದೆ ಬಿಟ್ಟ ಹೋಲಿಕೆಯನ್ನು ಅದು ತಾನೇ ತಪ್ಪಾಗಿ ಕಟ್ಟಿಕೊಳ್ಳುತ್ತದೆ. ಉಡುಪಿಯ ಎಷ್ಟೋ ಮನೆಗಳ ಮಾತು ಕನ್ನಡವೇ ಅಲ್ಲ, ತುಳುವೋ ಕೊಂಕಣಿಯೋ ಬ್ಯಾರಿಯೋ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಹಾಗಿದ್ದರೆ ಹಲಗೆಯ ಮೇಲೆ ಆ ಪದಗಳೂ ಬರಲಿ. ತುಳುವಿಗಂತೂ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ಆರು ಸಂಪುಟಗಳ ನಿಘಂಟನ್ನೇ ಕೊಟ್ಟಿದೆ, ಮೇಷ್ಟ್ರಿಗೆ ಆಧಾರಕ್ಕೆ ಕೊರತೆಯಿಲ್ಲ. ಬ್ರೋಕ್, ಬ್ರೋಕನ್ ಎಂಬ ರೂಪಗಳಿಗೆ ಮಾತ್ರ ಯಾವ ಮನೆಮಾತೂ ನೆರವಾಗದು. ಬಾಯಿಪಾಠಕ್ಕೆಂದು ಇಟ್ಟ ಹೊತ್ತು ಅವುಗಳಿಗೆ ಸಲ್ಲಬೇಕು.